ಹೆಸರಿಲ್ಲದ ಮಂಜಿಲ್

ಮೊನ್ನೆ ಗೊರೇಬಾಳದಾಗ ನನ್ನ ಮಮ್ಮಗಳು ಹಳೇ ಭತ್ತದ ಗೋದಾಮನ್ನ ಮನಿ ಮಾಡಿಕೊಂಡು, ಬಾಗಲ ಮ್ಯಾಲೆ ನನ್ನ ಹೆಸರು ಬರೆಸ್ಯಾಳ. ನನಗಂತೂ ನೆಲದ ಮ್ಯಾಲೆ ಕಾಲು ನಿಲ್ಲವಲ್ದು. ಆ ಹಸಿ ಬಣ್ಣದ ವಾಸನಿಗೆ ಸಂತೆಕಲ್ಲೂರಿನ ಒಂದು ಮಧ್ಯಾಹ್ನ ನೆನಪಾತು.

ನಮ್ಮ ಅಬ್ಬಾ ಎಮ್ಮಿ ಕಟ್ಟೋ ಕೊಟ್ಟಿಗಿಯನ್ನ ನಮಗ ಮನಿ ಮಾಡಿದ್ದರು. ಗ್ವಾಡಿಗೆ ಕೆಮ್ಮಣ್ಣು ಹೊತ್ತು ತಂದಾಕಿ ನಾನು. ಬುಟ್ಟಿ ಒತ್ತಿದ ನೆತ್ತಿ ಇನ್ನೂ ಉರೀತಿತ್ತು. ಬಣ್ಣದವ ಬಂದು ಕುಂಚ ಅದ್ದಿ, "ಯಾರ ಹೆಸರು ಬರೀಲಿ, ಸಾಬ್ರೇ?" ಅಂದ. ನಾ ಅಬ್ಬಾನ ಮುಖ ನೋಡಿದೆ. ಅವರು ತೊಟ್ಟಿಲದಾಗಿದ್ದ ನನ್ನ ತಮ್ಮನ ಕಡೆ ಕೈ ಮಾಡಿ, "ಇನ್ಯಾರದು? ಮೆಹಬೂಬ್ ಮಂಜಿಲ್ ಅಂತ ಬರಿ" ಅಂದರು.

ಖಾರದಪುಡಿ ತಿಂದಂಗ ನನ್ನ ಹೊಟ್ಟಿ ಉರೀತು. "ಅವ ಒಂದು ಬುಟ್ಟಿ ಮಣ್ಣರ ಹೊತ್ತಾನೇನು?" ಅಂದೆ.

ಅಬ್ಬಾನ ತಾಯಿ ದಾದಿಮಾ ನಕ್ಕಳು. "ಅವನಿಗಿನ್ನೂ ಕುತ್ತಿಗಿನ ನಿಂತಿಲ್ಲ, ಏನು ಹೊರತಾನಬೇ? ನೀ ನಾಳೆ ಇನ್ನೊಬ್ಬರ ಮನಿಗೆ ಹೋಗಾಕಿ. ಈ ಮನಿ ಅವಂದು."

"ಹಂಗಾರ ಕುತ್ತಿಗಿ ನಿಂತ ಮ್ಯಾಲೆ ಬರೆಸ್ರಿ."

ಬಣ್ಣದವನೂ ನಕ್ಕ. ಅಬ್ಬಾ ನಗಲಿಲ್ಲ. ನನ್ನ ಕೆಂಪು ಅಂಗೈ ನೋಡಿ, "ಈಗ ಮಂಜಿಲ್ ಅಂತಷ್ಟ ಬರಿ, ಹೆಸರಿನ ಜಾಗ ಹಂಗ ಬಿಡು" ಅಂದರು.

ಅವತ್ತಿನಿಂದ ದಿನಾ ಮುಂಜಾನೆ ಎದ್ದ ಕೂಡಲೇ ನಾ ತೊಟ್ಟಿಲಕ್ಕ ಓಡತಿದ್ದೆ. ತಮ್ಮನ್ನ ಎತ್ತಿದಾಗ ಅವನ ತಲಿ ಒಂದು ಕಡೆ ವಾಲಿದರ, ಆ ದಿನ ನನಗ ರೊಟ್ಟಿ ರುಚಿ ಹತ್ತತಿತ್ತು.