ಗುಜರಿಗೆ ಹೋಗದ ಕಾರು

“ನನ್ನನ್ನ ಕೇಳಿದ್ರೆ ಗುಜರಿಗೆ ಹಾಕಿಬಿಡಿ ಸಾರ್,” ಎಂದ ಮೆಕ್ಯಾನಿಕ್, ಮುರುಟಿಹೋದ ಬಾನೆಟ್ಟನ್ನು ಎತ್ತಲು ಹೆಣಗುತ್ತಾ. “ರೇಡಿಯೇಟರ್ ಹೋಗಿದೆ. ಇಷ್ಟು ಹಳೇ ಗಾಡಿಗೆ ಬಿಡಿಭಾಗ ಎಲ್ಲಿಂದ ತರ್ಲಿ?”

“ಹುಡುಕಿ ತಾರಪ್ಪ. ರಿಪೇರಿ ಆಗ್ಲೇಬೇಕು,” ಎಂದಳು ಅಮ್ಮ.

ಮಗನಿಗೆ ಸಾಕುಸಾಕಾಗಿತ್ತು. ಅಪಘಾತವಾದಂದಿನಿಂದ ಮನೆಯಲ್ಲಿ ಇದೇ ರಗಳೆ. ಆಫೀಸಿನಿಂದ ಬಂದು ಉಸ್ಸೆಂದು ಕೂರುವಷ್ಟರಲ್ಲಿ ಅಮ್ಮ ಕಾರಿನ ಮಾತು ತೆಗೆಯುತ್ತಿದ್ದಳು.

ಅಮ್ಮ ಹೆರಿಗೆ ದಾದಿಯಾಗಿದ್ದವಳು. ಯಾವ ಹೊತ್ತಿನಲ್ಲಿ ಕರೆ ಬಂದರೂ ಇದೇ ಕಾರು ಓಡಿಸಿಕೊಂಡು ಹೊರಟುಬಿಡುತ್ತಿದ್ದಳು. ಅಷ್ಟು ವರ್ಷ ಓಡಾಡಿದರೂ ಒಂದು ಗೀರು ಬಿದ್ದಿರಲಿಲ್ಲ. ಈಗ ಹಾಡಹಗಲಲ್ಲಿ, ಖಾಲಿ ರಸ್ತೆಯಲ್ಲಿ ಕಾರು ನೆಟ್ಟಗೆ ಹೋಗಿ ಮರಕ್ಕೆ ಗುದ್ದಿತ್ತು. ಒಳಗಿದ್ದದ್ದು ಅತ್ತೆ, ಸೊಸೆ ಇಬ್ಬರೇ.

“ಕಣ್ಣು ಮಂಜಾಯ್ತು ಕಣೋ,” ಎಂದಿದ್ದಳು ಅಮ್ಮ, ಬೆಲ್ಟು ಬಿಗಿದು ಬಾತುಕೊಂಡ ಎಡ ಹೆಗಲನ್ನು ಒತ್ತಿಕೊಳ್ಳುತ್ತಾ. ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು, ಅಷ್ಟೇ.

ನೆಂಟರಿಷ್ಟರೆಲ್ಲ ಫೋನ್ ಮಾಡಿ ಅಮ್ಮನಿಗೆ ಛೀಮಾರಿ ಹಾಕಿದರು. ಈ ವಯಸ್ಸಿನಲ್ಲಿ ಸ್ಟೀರಿಂಗ್ ಯಾಕೆ ಹಿಡಿಯಬೇಕಿತ್ತು, ಬಾಳಿ ಬದುಕಬೇಕಾದ ಸೊಸೆಗೆ ಏನಾದರೂ ಆಗಿದ್ದರೆ? ಒಂದು ಮಾತಿಗೆ ಹತ್ತು ಮಾತು ಆಡುವ ಅಮ್ಮ ಎಲ್ಲದಕ್ಕೂ ಹೂಂಗುಟ್ಟಿದಳು. ಬೈಯಬೇಕೆಂದಿದ್ದ ಮಗನೂ ಅದನ್ನು ಕಂಡು ಅವಳ ಹೆಗಲಿಗೆ ಮುಲಾಮು ಹಚ್ಚಿದ್ದ.

ಆದರೆ ಕಾರಿನ ವಿಷಯಕ್ಕೆ ಬಂದರೆ ಅವಳದು ಒಂದೇ ಹಟ.

“ಬೇಡಿ ಅತ್ತೆ, ಕೊಟ್ಬಿಡೋಣ,” ಎಂದಳು ಹೆಂಡತಿ, ಗ್ಯಾರೇಜಿನ ಬಾಗಿಲಲ್ಲೇ ನಿಂತು. “ಅದನ್ನ ಕಂಡ್ರೇ ನನಗೆ ಕೈಕಾಲು ನಡುಗುತ್ತೆ.”

“ಅದಕ್ಕೇ ಕೊಡಬಾರದು.”

“ಅಮ್ಮಾ, ಇವಳು ಮೊದಲೇ ಪುಕ್ಕಲು,” ಎಂದ ಮಗ. “ಯಾರನ್ನ ಉದ್ಧಾರ ಮಾಡೋಕೆ ಈ ಹಟ?”

ಅಮ್ಮ ಸೊಸೆಯತ್ತ ನೋಡಿದಳು. ಸೊಸೆ ನೆಲ ನೋಡಿದಳು. ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತಾ ಕಾದ. ವಾದಿಸುವ ತ್ರಾಣ ಮಗನಲ್ಲಿ ಉಳಿದಿರಲಿಲ್ಲ. “ಏನಾದ್ರೂ ಮಾಡ್ಕೊಳ್ಳಿ,” ಎಂದು ಹೊರಗೆ ಹೋದ.

ಕಾರು ಮನೆಗೆ ಬಂತು. ಹತ್ತಿರದ ಮಾರುಕಟ್ಟೆಗೆ ಬಿಟ್ಟು ಬೇರೆಲ್ಲಿಗೂ ಹೋಗಕೂಡದು ಎಂದು ಮಗ ತಾಕೀತು ಮಾಡಿದ. ಭಾನುವಾರ ಬೆಳಿಗ್ಗೆ ಅಮ್ಮ ಸ್ಟೀರಿಂಗ್ ಹಿಡಿದಳು. ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕೂತಳು. ಕಾರು ಸದ್ದಿಲ್ಲದೆ ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು.

ಮಗನಿಗೆ ಮನಸ್ಸು ತಡೆಯಲಿಲ್ಲ. ಚಪ್ಪಲಿ ಮೆಟ್ಟಿ ಹಿಂದೆಯೇ ನಡೆದ. ತಿರುವಿನಾಚೆ, ಶಾಲೆಯ ಕಾಂಪೌಂಡಿನ ಪಕ್ಕ ಕಾರು ನಿಂತಿತ್ತು. ಎರಡೂ ಬಾಗಿಲು ತೆರೆದಿದ್ದವು.

ಮತ್ತೆ ಕಣ್ಣು ಮಂಜಾಯಿತೇ? ಓಡಿದ. ಅವನು ತಲುಪುವಷ್ಟರಲ್ಲಿ ಬಾಗಿಲುಗಳು ಮುಚ್ಚಿಕೊಂಡವು. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು, ಮತ್ತೆ ಸ್ಟಾರ್ಟ್ ಆಯಿತು. ಇಳಿಸಿದ ಕಿಟಕಿಯಿಂದ ಅಮ್ಮನ ದನಿ ಕೇಳಿಸಿತು. ಕೇಳಿಸಿದ್ದು ಎಡಗಡೆಯ ಕಿಟಕಿಯಿಂದ.

“ಅವನು ಪುಕ್ಕಲು ಅಂದ ಅಂತ ನೀನೂ ನಂಬಿಬಿಟ್ಯೇನೇ? ಕ್ಲಚ್ ನಿಧಾನಕ್ಕೆ ಬಿಡು. ಈ ಸಲ ಮಾತ್ರ ಮರ ಕಂಡ ತಕ್ಷಣ ಕಣ್ಣು ಮುಚ್ಕೋಬೇಡ, ಮಾರಾಯ್ತಿ!”