ಸವಾರನ ಕೊನೆಯ ಬೆಳಗು

ಆ ಮನುಷ್ಯ ಇವತ್ತೂ ಬಂದು ಕೂತಿದ್ದ.

ಲೇಖಕಿ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನೋಡಿದಳು. ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಅವನೇ. ಮೊನ್ನೆ ಪ್ರಕಾಶಕರ ಕಚೇರಿಯ ಬಾಗಿಲಲ್ಲಿ ಕಂಡವನು, ನಿನ್ನೆ ತರಕಾರಿ ಅಂಗಡಿಯವರೆಗೂ ಬೆನ್ನು ಹತ್ತಿ ಬಂದವನು. ಇಷ್ಟು ಬಿಸಿಲಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ. ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ.

"ತೋಳಿನೊಳಗೆ ಏನೋ ಇಟ್ಟುಕೊಂಡಿದಾನೆ ಅಕ್ಕಾ," ತಂಗಿ ಪಿಸುಗುಟ್ಟಿದಳು. "ಪೊಲೀಸರಿಗೆ ಫೋನ್ ಮಾಡೋಣ್ವಾ?"

"ಏನಂತ ಹೇಳ್ತೀಯಾ? ಎದುರುಗಡೆ ಒಬ್ಬ ಕೂತಿದಾನೆ ಅಂತಾನಾ?"

ತಂಗಿಯ ದಿಗಿಲಿಗೆ ಕಾರಣವಿಲ್ಲದಿರಲಿಲ್ಲ. ಅಕ್ಕನ ಚಾರಿತ್ರಿಕ ಸಾಹಸ ಕಾದಂಬರಿಗಳ ನಾಯಕ, ಓದುಗರೆಲ್ಲ 'ಸವಾರ' ಎಂದು ಕರೆಯುವ ಕುದುರೆಯಾಳು, ಹಿಂದಿನ ಪುಸ್ತಕದ ಕಡೆಯ ಪುಟದಲ್ಲಿ ಕೋಟೆಯ ನೆಲಮಾಳಿಗೆಯಲ್ಲಿ ಸೆರೆಬಿದ್ದಿದ್ದ. ಬೆಳಗಾದರೆ ಗಲ್ಲು. ಅಲ್ಲಿಂದ ಶುರುವಾಗಿತ್ತು ಫೋನುಗಳ ಕಾಟ. ಕೆಲವರು ಬೇಡಿಕೊಂಡರು, ಕೆಲವರು ಅತ್ತರು. ಒಬ್ಬನಂತೂ, ಅವನನ್ನು ಕೊಂದರೆ ನಿಮ್ಮನ್ನು ಸುಮ್ಮನೆ ಬಿಡೋದಿಲ್ಲ ಎಂದಿದ್ದ.

ಅವಳು ಕೊಂದುಬಿಟ್ಟಿದ್ದಳು. ಹೊಸ ಪುಸ್ತಕ ಅಚ್ಚಿನಲ್ಲಿತ್ತು. ಹೊರಬರಲು ಇನ್ನೊಂದು ತಿಂಗಳು. ಇಷ್ಟು ವರ್ಷ ಅವನ ಕುದುರೆಯ ಹಿಂದೆ ಓಡಿ ಓಡಿ ಸುಸ್ತಾಗಿತ್ತು. ಕಾಗದದ ಕತ್ತಿ, ಕಾಗದದ ಕೋಟೆ, ಇದರಿಂದ ಯಾರಿಗೇನು ಉಪಯೋಗ ಎನ್ನಿಸಿತ್ತು. ಆದರೆ ಸಾಯಿಸುವ ಹೊತ್ತಿಗೆ ಆ ರಾತ್ರಿಯನ್ನು ಬರೆಯಲಾರದೆ, 'ಬೆಳಕು ಹರಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು' ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಳು. ಆಮೇಲೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ತಂಗಿ ಸೆರಗು ಹಿಡಿದೆಳೆದರೂ ನಿಲ್ಲಲಿಲ್ಲ.

"ಯಾಕಪ್ಪಾ ನನ್ನ ಹಿಂದೆ ಬಿದ್ದಿದೀರಿ?"

ಅವನು ಗೋಡೆ ಹಿಡಿದು ಎದ್ದ. ಹತ್ತಿರದಿಂದ ನೋಡಿದರೆ ಅಂಗಿ ಯಾರದೋ ಅನ್ನುವಷ್ಟು ದೊಗಳೆ.

"ತಪ್ಪು ತಿಳ್ಕೋಬೇಡಿ ಮೇಡಂ. ಮಾತಾಡಿಸೋಣ ಅಂತ ಬರ್ತೀನಿ, ಬಾಯಿ ಬರೋದಿಲ್ಲ." ಗೋಡೆಯಿಂದ ಕೈ ತೆಗೆದ. "ಸವಾರ ಸಾಯ್ತಾನಾ?"

"ಅದನ್ನ ಹೇಳೋ ಹಾಗಿಲ್ಲ. ಒಂದು ತಿಂಗಳು ತಡೀರಿ, ಪುಸ್ತಕ ಬರುತ್ತೆ."

"ಅಷ್ಟು ದಿನ ಇಲ್ಲ ಅವನಿಗೆ. ಆಸ್ಪತ್ರೆಯಲ್ಲಿದಾನೆ. ಇಲ್ಲೇ, ಆ ತಿರುವಿನಾಚೆ."

ಅವಳ ದನಿ ಇಳಿಯಿತು. "ಯಾರು? ತಮ್ಮನಾ?"

"ಅವನಿಗಿಂತ ಹತ್ತಿರದವರು ನನಗೆ ಯಾರೂ ಇಲ್ಲ ಅಂತಿಟ್ಕೊಳ್ಳಿ. ಬಸ್ ಡಿಪೋದಲ್ಲಿ ಟಯರ್ ಬಿಚ್ಚೋ ಕೆಲಸ. ಬಸ್ಸಿನ ಅಡಿಯಲ್ಲೇ ಆಯಸ್ಸು ಕಳೀತು, ಬಸ್ ಹತ್ತಿ ಎಲ್ಲಿಗೂ ಹೋದವನಲ್ಲ. ಸಮುದ್ರ ನೋಡಿದ್ದು ನಿಮ್ಮ ಪುಸ್ತಕದಲ್ಲೇ. ಸವಾರನ ಹಡಗು ಮುಳುಗಿದ ದಿನ ಊಟದ ಡಬ್ಬಿ ತೆಗೀಲಿಲ್ಲ. ಡಿಪೋದವರೆಲ್ಲ, ಇವನಿಗೆ ಯಾರೋ ತೀರಿಕೊಂಡಿದಾರೆ ಅಂದ್ಕೊಂಡ್ರು." ನಕ್ಕ, ನಗು ಕೆಮ್ಮಾಯಿತು. "ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ವರ್ಷದಿಂದ ಆಸೆ ಅವನಿಗೆ."

ಸಾಯುವವನ ಮುಂದೆ ಒಂದು ಸುಳ್ಳು ಹೇಳಿದರೆ ಏನು ಹೋಗುತ್ತದೆ, ಎಂದುಕೊಂಡಳು ಲೇಖಕಿ. "ಹಾಗಾದ್ರೆ ಹೇಳಿಬಿಡಿ, ಸವಾರ ತಪ್ಪಿಸಿಕೊಂಡು..."

"ಬೇಡ ಮೇಡಂ." ಅವನು ತಲೆಯಾಡಿಸಿದ. "ಡಾಕ್ಟರೂ ದಿನಾ ಅದನ್ನೇ ಹೇಳ್ತಾರೆ, ಏನೂ ಆಗಲ್ಲ ಅಂತ. ಅವನಿಗೆ ಬೇಕಾಗಿರೋದು ಅದಲ್ಲ. ಕಷ್ಟ ಬಂದಾಗೆಲ್ಲ, ಸವಾರ ಆಗಿದ್ರೆ ಏನು ಮಾಡ್ತಿದ್ದ ಅಂತ ಯೋಚಿಸಿ ದಾಟಿಕೊಂಡು ಬಂದ. ಈಗ ಇದೊಂದು ಉಳಿದಿದೆ. ಆ ಬೆಳಗಿನ ಜಾವ ಸವಾರ ಹೆದರಿದನಾ? ಹೆದರಿದ್ರೆ, ಏನು ಮಾಡಿದ? ಅಷ್ಟು ಗೊತ್ತಾದ್ರೆ ಸಾಕು."

ಅವಳು ಬರೆಯದೆ ಹಾರಿಸಿದ್ದು ಅದನ್ನೇ.

"ನಡೀರಿ," ಎಂದಳು. "ನಾನೇ ಬಂದು ಹೇಳ್ತೀನಿ."

ದಾರಿಯುದ್ದಕ್ಕೂ ಅವಳ ತಲೆ ನೆಲಮಾಳಿಗೆಯಲ್ಲೇ ಇತ್ತು. ಹೆದರಲಿಲ್ಲ ಎಂದರೆ ಆ ರೋಗಿ ನಂಬುವುದಿಲ್ಲ. ಹೆದರಿದ ಎಂದಷ್ಟೇ ಹೇಳಿ ಎದ್ದು ಬರುವಂತಿಲ್ಲ. ಜೊತೆಗಾರ ಬೇರೆ ನಾಲ್ಕು ಹೆಜ್ಜೆಗೊಮ್ಮೆ ಕಂಬಕ್ಕೋ ಗೋಡೆಗೋ ಒರಗಿ ನಿಲ್ಲುತ್ತಿದ್ದ. ಅಲ್ಲೊಬ್ಬ ಕಾಯುತ್ತಿರುವಾಗ ಇವನಿಗೆಂಥ ನಿಧಾನ ಎಂದು ಅವಳಿಗೆ ಸಿಡಿಮಿಡಿ.

ವಾರ್ಡಿನ ಬಾಗಿಲಲ್ಲಿ ನರ್ಸ್ ಅವನನ್ನು ತಡೆದಳು. "ಮತ್ತೆ ಹೇಳದೆ ಕೇಳದೆ ಎಲ್ಲಿಗೆ ಹೋಗಿದ್ರಿ? ಡಾಕ್ಟರು ಬಂದು ಕೇಳಿದ್ರು, ನಾನು ಬೈಸಿಕೊಂಡೆ."

"ಇವರನ್ನ ಕರ್ಕೊಂಡು ಬರೋಕೆ ಹೋಗಿದ್ದೆ ಸಿಸ್ಟರ್."

ಅಷ್ಟರಲ್ಲಿ ಲೇಖಕಿಗೆ ಹೊಳೆದಿತ್ತು. ಸವಾರ ಹೆದರಿದ. ಮೊಣಕಾಲು ನಡುಗಿತು. ಹೊರಗೆ ಕಾವಲು ನಿಂತ ಹೊಸ ಸಿಪಾಯಿಯ ಮೊಣಕಾಲೂ ನಡುಗುತ್ತಿರುವುದು ಕಂಡು, ಅವನನ್ನು ಹತ್ತಿರ ಕರೆದು, ನೀನು ಸಾಕಿದ ಕುದುರೆಯ ಬಣ್ಣ ಯಾವುದು ಎಂದು ಕೇಳಿದ. ಬೆಳಕು ಹರಿಯುವವರೆಗೂ ಇಬ್ಬರೂ ಕುದುರೆಗಳ ಮಾತಾಡಿದರು. ಇಷ್ಟೇ. ಇದನ್ನು ಆ ರೋಗಿಯ ಕೈ ಹಿಡಿದು ಹೇಳಬೇಕು. ಇಲ್ಲಿಂದಲೇ ಅಚ್ಚಿನವರಿಗೆ ಫೋನ್ ಮಾಡಿ ಮುದ್ರಣ ನಿಲ್ಲಿಸಬೇಕು.

ಕಿಟಕಿ ಪಕ್ಕದ ಮಂಚದ ಬಳಿ ಅವನು ನಿಂತ. ತಲೆದಿಂಬಿನ ಬದಿಗೆ ಅವಳದೇ ಪುಸ್ತಕ, ಅಂಚೆಲ್ಲ ಸವೆದದ್ದು. ಹಾಸಿಗೆ ಖಾಲಿ.

ಅವಳು ಮಂಚದ ಕಂಬಿ ಹಿಡಿದಳು. "ಅಯ್ಯೋ, ತಡ ಮಾಡಿಬಿಟ್ವಾ?"

"ಇಲ್ಲ ಮೇಡಂ, ಸರಿಯಾದ ಹೊತ್ತಿಗೇ ಬಂದ್ವಿ," ಎನ್ನುತ್ತ ಅವನು ಚಪ್ಪಲಿ ಬಿಟ್ಟು ಮಂಚ ಹತ್ತಿ ಮಲಗಿದ, ಎಡತೋಳಿನ ಗುಂಡಿ ಬಿಚ್ಚಿ ಡ್ರಿಪ್ಪಿನ ಸೂಜಿ ಅಂಟಿಸಿದ್ದ ಮಣಿಕಟ್ಟನ್ನು ಹೊರಗಿಟ್ಟು, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.