ಮುಂದಿನ ಬೆಂಚು

ಹಳೇ ಬೆಂಚಿನ ಪಾಲಿಶ್ ವಾಸನೆ ಮೂಗಿಗೆ ಬಡಿದರೆ ಈಗಲೂ ಶಿವಮೊಗ್ಗದ ಆ ಮಧ್ಯಾಹ್ನ ನೆನಪಾಗುತ್ತದೆ.

ಪಿಯುಸಿ ಮುಗಿಸಿದ ಅಕ್ಕನಿಗೆ ಮದುವೆ ಗೊತ್ತಾಗಿತ್ತು. "ಓದಿಸೋದು ಬೇಡ, ಒಂದ್ಸಲ ಡಿಗ್ರಿ ಕಾಲೇಜು ತೋರ್ಸಪ್ಪಾ, ಸಾಕು" ಎಂದು ಅವಳು ಊಟ ಬಿಟ್ಟಿದ್ದಳು. ಅಪ್ಪ ನಮ್ಮಿಬ್ಬರನ್ನೂ ಭದ್ರಾವತಿಯಿಂದ ಕರೆತಂದರು. ಪರಿಚಯದ ಅಟೆಂಡರ್ ಆ ಹಳೇ ಕಲ್ಲುಕಟ್ಟಡವನ್ನೆಲ್ಲ ಸುತ್ತಿಸಿ, ಕೊನೆಗೊಂದು ಕೋಣೆಯಲ್ಲಿ ನಿಂತ.

"ಮೇಷ್ಟ್ರು ಹಾಜರಿ ಕೂಗೋದು ಇಲ್ಲೇ."

ಅಕ್ಕ ಓಡಿಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. "ಅಪ್ಪಾ, ಒಂದೇ ಒಂದ್ಸಲ ನನ್ನ ಹೆಸರು ಕೂಗಪ್ಪಾ."

"ಹುಚ್ಚುಚ್ಚಾಗಿ ಆಡ್ಬೇಡ ಮಾರಾಯ್ತಿ. ಬಸ್ ಹೋಗುತ್ತೆ, ಏಳು."

ಅವಳು ಎರಡೂ ಕೈಯಿಂದ ಡೆಸ್ಕನ್ನು ಬಿಗಿಯಾಗಿ ಹಿಡಿದಳು. ಅಪ್ಪ ಒಂದೊಂದೇ ಬೆರಳು ಬಿಡಿಸತೊಡಗಿದರು. ಹೆದರಿಕೆಯಾಗಿ ನಾನೇ ಕಪ್ಪುಹಲಗೆಯ ಮುಂದೆ ನಿಂತು, "ವಿಜಯಾ!" ಎಂದು ಕೂಗಿದೆ.

"ಎಸ್ ಸಾರ್" ಎಂದು ಅಕ್ಕ ಎದ್ದು ನಿಂತಳು. ಎದ್ದವಳು ಮತ್ತೆ ಕೂರಲಿಲ್ಲ. ಅಪ್ಪನ ಹಿಂದೆ ಬಸ್ಸಿಗೆ ನಡೆದಳು.